ಪಾರಿಜಾತದ ತಾಲೀಮು ಎಂಬ ಪಾಠಶಾಲೆ

ನಾರದ ದೇವಲೋಕದಿಂದ ಒಂದು ಪಾರಿಜಾತ ಹೂವನ್ನು ತಂದು ಕೃಷ್ಣನಿಗೆ ಕೊಡುತ್ತಾನೆ. ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ. ಸುದ್ದಿ ತಿಳಿದ ಸತ್ಯಭಾಮೆ ಮುನಿಯುತ್ತಾಳೆ. ಅವಳನ್ನು ಒಲಿಸುವಷ್ಟರಲ್ಲಿ ಬೆಳಗಾಗುತ್ತದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಜನ ತಲೆಮಾರುಗಳಿಂದ ನೋಡುತ್ತ ಬಂದ ‘ಶ್ರೀಕೃಷ್ಣ ಪಾರಿಜಾತ’ದ ಕಥೆ ಇಷ್ಟೇ. ಗೊತ್ತಿದ್ದ ಕಥೆಯನ್ನೇ ನೋಡಲು ಜನ ಬೆಳತನಕ ಏಕೆ ಕೂರುತ್ತಿದ್ದರು? ಇದಕ್ಕೆ ಉತ್ತರ ಹುಡುಕಹೊರಟರೆ, ಈ ಆಟ ಎಳೆಯರಿಗೆ ಏನನ್ನು ಕಲಿಸುತ್ತಿತ್ತು ಎಂಬುದೂ ತಿಳಿಯುತ್ತದೆ.

ಪಾರಿಜಾತದ ಮೂಲ ಕೃತಿಕಾರನೆಂದು ಅಪರಾಳ ತಮ್ಮಣ್ಣನನ್ನು ಹೆಸರಿಸುತ್ತಾರೆ. 19ನೆಯ ಶತಮಾನದಲ್ಲಿ ಅದನ್ನು ಹಿಗ್ಗಿಸಿ, ರಂಗಕ್ಕೆ ಒಗ್ಗಿಸಿ, ಜನಪ್ರಿಯಗೊಳಿಸಿದ ಕೀರ್ತಿ ಬೆಳಗಾವಿ ಜಿಲ್ಲೆಯ ಕುಲಗೋಡ ತಮ್ಮಣ್ಣನದು. ಜಮಖಂಡಿಯ ಪಟವರ್ಧನರು, ಮುಧೋಳದ ಘೋರ್ಪಡೆಯವರು ಆಳಿದ ಈ ನೆಲಕ್ಕೆ ಸಾಂಗ್ಲಿ-ಮೀರಜ್ ದೂರವಲ್ಲ. ಹೀಗಾಗಿ ಪಾರಿಜಾತದ ಹಾಡುಗಳಲ್ಲಿ ಹಿಂದೂಸ್ತಾನಿ ರಾಗಗಳೂ ಹಳ್ಳಿಯ ಮಟ್ಟುಗಳೂ ಒಂದಾಗಿ ಬೆರೆತಿವೆ. ಹಾರ್ಮೋನಿಯಂ, ತಬಲಾ, ತಾಳಗಳ ಹಿಮ್ಮೇಳದೊಡನೆ ನಡೆಯುವ ಈ ಆಟವನ್ನು ಸಣ್ಣಾಟಗಳ ಸಾಲಿನಲ್ಲಿಟ್ಟು ನೋಡುವುದು ವಾಡಿಕೆ.

ಈ ಆಟವನ್ನು ಕಲಿಯುವ ಬಗೆಗೆ ‘ತಾಲೀಮು’ ಎಂದು ಹೆಸರು. ಹೊಲದ ಕೆಲಸ ಮುಗಿಸಿದವರು, ಮಗ್ಗ ಬಿಟ್ಟೆದ್ದವರು ರಾತ್ರಿ ಗುಡಿಯಲ್ಲೋ ಮಠದಲ್ಲೋ ಸೇರುತ್ತಿದ್ದರು. ಹುಡುಗರ ಕೈಗೆ ಮೊದಲು ಸಿಗುತ್ತಿದ್ದುದು ತಾಳ. ಲಯ ಕುದುರಿದ ಮೇಲೆ ಹಿಮ್ಮೇಳದಲ್ಲಿ ದನಿಗೂಡಿಸುವುದು, ಆಮೇಲೆ ಸಣ್ಣದೊಂದು ಪಾತ್ರ. ಅಕ್ಷರ ಬಾರದವರೂ ಕೇಳಿ ಕೇಳಿಯೇ ನೂರಾರು ಪದಗಳನ್ನು ಬಾಯಿಪಾಠ ಮಾಡುತ್ತಿದ್ದರು. ಶಾಲೆಯ ಮೆಟ್ಟಿಲು ಹತ್ತದ ಎಷ್ಟೋ ಮಂದಿಗೆ ಪುರಾಣ, ಸಂಗೀತ, ಶುದ್ಧ ಉಚ್ಚಾರ ಮೂರೂ ದಕ್ಕಿದ್ದು ಇಂಥ ಕಡೆಯಲ್ಲೇ.

ಬಾಯಿಪಾಠ ಮಾಡಿಟ್ಟರೆ ಪಾರಿಜಾತ ಬಂದಂತಾಗಲಿಲ್ಲ. ಈ ಆಟದ ಜೀವಾಳ ಭಾಗವತ. ಆತ ಸೂತ್ರಧಾರನೂ ಹೌದು, ಕೃಷ್ಣನ ಗೆಳೆಯನೂ ಹೌದು, ವಿದೂಷಕನೂ ಹೌದು. ರಂಗಕ್ಕೆ ಬಂದ ಪಾತ್ರವನ್ನು ಆತ ತಡೆದು ಮಾತಿಗೆಳೆಯುತ್ತಾನೆ. ‘ಯಾರವ್ವ ನೀ? ಯಾಕಿಷ್ಟು ಸಿಟ್ಟು?’ ಎಂದು ಆತ ಕೇಳಿದರೆ, ಸತ್ಯಭಾಮೆ ‘ಹೂವು ಸವತಿಗೆ, ಬರೀ ಮಾತು ನನಗೇನು?’ ಎಂದಾಳು. ಇನ್ನೊಂದು ಊರಿನಲ್ಲಿ, ಇನ್ನೊಂದು ರಾತ್ರಿ, ಆ ಪ್ರಶ್ನೆಯೂ ಬೇರೆ, ಉತ್ತರವೂ ಬೇರೆ. ಹಾಡುಗಳು ಗೊತ್ತುಪಡಿಸಿದವು, ಮಾತು ಮಾತ್ರ ಆಶು. ಊರಿನ ಸುದ್ದಿ, ಮಳೆ-ಬೆಳೆ, ಎದುರು ಕುಳಿತ ಗೌಡರ ಮೀಸೆ, ಎಲ್ಲವೂ ಆ ಮಾತಿನೊಳಗೆ ಬರಬಹುದು. ಜನ ಬೆಳತನಕ ಕಾಯುತ್ತಿದ್ದುದು ಈ ಮಾತಿಗಾಗಿ. ಹಿರಿಯ ಭಾಗವತನೆದುರು ಹದಿಹರೆಯದ ಕಲಾವಿದೆ ತಡವರಿಸದೆ ಉತ್ತರ ಹೇಳಬೇಕು. ಕೇಳಿಸಿಕೊಳ್ಳುವುದು, ಯೋಚಿಸುವುದು, ಹಿರಿಯರೆದುರು ಅಂಜದೆ ಮಾತಾಡುವುದು, ತಾಲೀಮು ಕಲಿಸಿದ ನಿಜವಾದ ವಿದ್ಯೆ ಇದು.

ಹೆಣ್ಣುಮಕ್ಕಳಿಗೂ ಇಲ್ಲಿ ಎಡೆಯಿತ್ತೆಂಬುದು ಗಮನಾರ್ಹ. ಬೆಳಗಾವಿ ಜಿಲ್ಲೆಯ ಕೌಜಲಗಿ ನಿಂಗಮ್ಮ ಪಾರಿಜಾತದಿಂದಲೇ ಮನೆಮಾತಾದವರು. ರಂಗಭೂಮಿ, ಸಿನಿಮಾಗಳತ್ತ ಹೋದವರೂ ಇದ್ದಾರೆ. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಮುಂಬೈ ಸೇರಿ, 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದರು. ಅವರ ಸೋದರಿ ಗೋಹರ್‌ಬಾಯಿ ಬಾಲಗಂಧರ್ವರೊಡನೆ ಮರಾಠಿ ರಂಗಭೂಮಿಯಲ್ಲಿ ಹಾಡಿ ಅಭಿನಯಿಸಿದರು. ಆದರೆ ರಂಗವೇರಿದ ಹೆಣ್ಣಿನ ಹಾಡಿಗೆ ತಲೆದೂಗಿದ ಊರು ಆಕೆಗೆ ಗೌರವ ಕೊಡಲು ಹಿಂಜರಿಯಿತು. ಅನೇಕ ಕಲಾವಿದೆಯರು ತಮ್ಮ ಮಕ್ಕಳು ಈ ದಾರಿ ಹಿಡಿಯುವುದು ಬೇಡವೆಂದುಕೊಂಡಿದ್ದರೆ ಅದು ಅವರ ತಪ್ಪಲ್ಲ.

ಈಗ ಕಾಲ ಬದಲಾಗಿದೆ. ಕರ್ನಾಟಕ ಬಯಲಾಟ ಅಕಾಡೆಮಿಯ ಕಚೇರಿ ಬಾಗಲಕೋಟೆಯಲ್ಲೇ ಇದೆ. ತರಬೇತಿ ಶಿಬಿರಗಳಿಗೆ ಸರ್ಕಾರದ ನೆರವು ಸಿಗುತ್ತದೆ. ಶಾಲೆಗಳಲ್ಲಿ ‘ಪ್ರತಿಭಾ ಕಾರಂಜಿ’ ಸ್ಪರ್ಧೆಗಳಿವೆ. ತಾಯಿ-ತಂದೆಯರು ಮಗಳನ್ನು ವೇದಿಕೆಗೆ ಕಳಿಸಲು ಮೊದಲಿನಷ್ಟು ಅಂಜುವುದಿಲ್ಲ. ಇದು ಸಣ್ಣ ಗೆಲುವೇನಲ್ಲ. ಆದರೆ ಇರುಳಿಡೀ ನಡೆಯುತ್ತಿದ್ದ ಆಟ ಎರಡು ತಾಸಿಗೆ, ಸ್ಪರ್ಧೆಗಳಲ್ಲಿ ಕೆಲವೇ ನಿಮಿಷಕ್ಕೆ ಇಳಿದಾಗ ಮೊದಲು ಕತ್ತರಿ ಬೀಳುವುದು ಆ ಆಶುಮಾತಿಗೆ. ಬರೆದುಕೊಟ್ಟ ಸಂಭಾಷಣೆಯನ್ನು ಮಕ್ಕಳು ಒಪ್ಪಿಸುತ್ತಾರೆ, ವೇಷ ಚೆನ್ನಾಗಿರುತ್ತದೆ, ಬಹುಮಾನವೂ ಬರುತ್ತದೆ. ಭಾಗವತ ಅನಿರೀಕ್ಷಿತವಾಗಿ ಒಂದು ಪ್ರಶ್ನೆ ಕೇಳಿದರೆ ಮಾತ್ರ ಆಟ ಅಲ್ಲಿಗೇ ನಿಲ್ಲುತ್ತದೆ.

ಇದಕ್ಕೆ ಪರಿಹಾರ ದುಬಾರಿಯದೇನಲ್ಲ. ಅನುಭವಿ ಭಾಗವತನೊಬ್ಬ ವಾರಕ್ಕೊಂದು ಸಂಜೆ, ವರ್ಷವಿಡೀ, ಶಾಲೆಗೋ ಊರ ಗುಡಿಗೋ ಬರುವಂತಾಗಬೇಕು. ಆತನಿಗೆ ತಕ್ಕ ಸಂಭಾವನೆ ಸಿಗಬೇಕು. ಮಕ್ಕಳು ಹಾಡು ಕಲಿತ ಮೇಲೆ ಪುಸ್ತಕ ಮುಚ್ಚಿಟ್ಟು ಆತನ ಪ್ರಶ್ನೆಗೆ ತಮ್ಮದೇ ಮಾತಿನಲ್ಲಿ, ತಮ್ಮ ಊರಿನ ಕನ್ನಡದಲ್ಲಿ ಉತ್ತರಿಸಬೇಕು. ಮೊದಮೊದಲು ತಪ್ಪಾಗುತ್ತದೆ, ನಗೆಪಾಟಲೂ ಆಗುತ್ತದೆ. ತಾಲೀಮಿನಲ್ಲಿ ಅದಕ್ಕೆ ಅವಕಾಶವಿದೆ, ಸ್ಪರ್ಧೆಯಲ್ಲಿಲ್ಲ. ಅಲ್ಲಿ ಕಲಿತವರೆಲ್ಲ ಕಲಾವಿದರಾಗಬೇಕೆಂದಿಲ್ಲ. ನಾಳೆ ಮಗ್ಗದ ಮಾಲೀಕನ ಮುಂದೆ, ಕಬ್ಬಿನ ಕಾರ್ಖಾನೆಯಲ್ಲಿ, ಗ್ರಾಮಸಭೆಯಲ್ಲಿ ಎದ್ದು ನಿಂತು ತನ್ನ ಮಾತು ಹೇಳಬೇಕಾದ ಹುಡುಗನಿಗೆ, ಹುಡುಗಿಗೆ ಸತ್ಯಭಾಮೆಯ ಆ ಪಾಠ ಒದಗಿ ಬಂದರೆ ಸಾಕು.