ವಿಸ್ತೃತ ವಾಸ್ತವದಲ್ಲಿ ಕೈಸನ್ನೆ ನಿಯಂತ್ರಣ

ಕೈಸನ್ನೆ ನಿಯಂತ್ರಣವು ಕೀಲಿಮಣೆ, ಮೌಸ್ ಅಥವಾ ಕೈಯಲ್ಲಿ ಹಿಡಿಯುವ ನಿಯಂತ್ರಕಗಳ ನೆರವಿಲ್ಲದೆ, ಕೈ ಮತ್ತು ಬೆರಳುಗಳ ಚಲನೆಯ ಮೂಲಕವೇ ಗಣಕಕ್ಕೆ ಆದೇಶ ನೀಡುವ ವಿಧಾನವಾಗಿದೆ. ನೈಜ ದೃಶ್ಯದ ಮೇಲೆ ಗಣಕನಿರ್ಮಿತ ಚಿತ್ರಗಳನ್ನು ಕೂಡಿಸುವ ವರ್ಧಿತ ವಾಸ್ತವ (ಆಗ್ಮೆಂಟೆಡ್ ರಿಯಾಲಿಟಿ), ಬಳಕೆದಾರನನ್ನು ಪೂರ್ತಿಯಾಗಿ ಕೃತಕ ದೃಶ್ಯದೊಳಗೆ ಇರಿಸುವ ವರ್ಚುವಲ್ ರಿಯಾಲಿಟಿ ಹಾಗೂ ಇವೆರಡರ ಮಿಶ್ರರೂಪಗಳನ್ನು ಒಟ್ಟಾಗಿ ವಿಸ್ತೃತ ವಾಸ್ತವ (ಎಕ್ಸ್‌ಆರ್) ಎಂದು ಕರೆಯಲಾಗುತ್ತದೆ. ತಲೆಗೆ ಧರಿಸುವ ಎಕ್ಸ್‌ಆರ್ ಸಾಧನಗಳಲ್ಲಿ ಮುಟ್ಟಬಹುದಾದ ಪರದೆ ಇರುವುದಿಲ್ಲ. ಆದ್ದರಿಂದ ಇವುಗಳಲ್ಲಿ ಕೈಸನ್ನೆಯು ಪ್ರಮುಖ ಆದಾನ ವಿಧಾನಗಳಲ್ಲಿ ಒಂದಾಗಿದೆ.

ಇತಿಹಾಸ

ಅಮೆರಿಕದ ಮೈರಾನ್ ಕ್ರೂಗರ್ 1970ರ ದಶಕದಲ್ಲಿ ರೂಪಿಸಿದ 'ವಿಡಿಯೋಪ್ಲೇಸ್' ಈ ಕ್ಷೇತ್ರದ ಆರಂಭಿಕ ಪ್ರಯೋಗಗಳಲ್ಲಿ ಒಂದು. ಅದರಲ್ಲಿ ಕ್ಯಾಮೆರಾ ಸೆರೆಹಿಡಿದ ಬಳಕೆದಾರನ ನೆರಳುಚಿತ್ರವು ಪರದೆಯ ಮೇಲಿನ ಆಕೃತಿಗಳೊಂದಿಗೆ ವ್ಯವಹರಿಸುತ್ತಿತ್ತು. 1980ರಲ್ಲಿ ಎಂಐಟಿಯ ರಿಚರ್ಡ್ ಬೋಲ್ಟ್ ಅವರು 'ಪುಟ್ ದಟ್ ದೇರ್' ಎಂಬ ವ್ಯವಸ್ಥೆಯನ್ನು ಪ್ರಕಟಿಸಿದರು. ಬೆರಳು ತೋರಿಸಿ 'ಅದನ್ನು ಅಲ್ಲಿಡು' ಎಂದು ಹೇಳಿದರೆ ಪರದೆಯ ಮೇಲಿನ ವಸ್ತು ಸ್ಥಳ ಬದಲಿಸುತ್ತಿತ್ತು. ಮಾತು ಮತ್ತು ಸನ್ನೆ ಪರಸ್ಪರ ಪೂರಕವಾಗಬಲ್ಲವು ಎಂಬುದನ್ನು ಇದು ತೋರಿಸಿತು.

1987ರಲ್ಲಿ ವಿಪಿಎಲ್ ರಿಸರ್ಚ್ ಸಂಸ್ಥೆಯ 'ಡೇಟಾಗ್ಲವ್' ಬಂದಿತು. ಈ ಕೈಗವಸಿನಲ್ಲಿದ್ದ ಆಪ್ಟಿಕಲ್ ಫೈಬರ್‌ಗಳು ಬೆರಳುಗಳ ಬಾಗುವಿಕೆಯನ್ನು ಅಳೆಯುತ್ತಿದ್ದವು. 1989ರಲ್ಲಿ ನಿಂಟೆಂಡೊ ಆಟದ ಸಾಧನಕ್ಕಾಗಿ 'ಪವರ್ ಗ್ಲವ್' ಮಾರುಕಟ್ಟೆಗೆ ಬಂದಿತು. 2009ರಲ್ಲಿ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿದ್ದ ಭಾರತೀಯ ಸಂಶೋಧಕ ಪ್ರಣವ್ ಮಿಸ್ತ್ರಿ ಅವರ 'ಸಿಕ್ಸ್ತ್‌ಸೆನ್ಸ್' ಜಗತ್ತಿನ ಗಮನ ಸೆಳೆಯಿತು. ಕೊರಳಿಗೆ ತೂಗುಹಾಕಿದ ಕ್ಯಾಮೆರಾ ಮತ್ತು ಪ್ರೊಜೆಕ್ಟರ್ ಹಾಗೂ ಬೆರಳ ತುದಿಗೆ ಧರಿಸಿದ ಬಣ್ಣದ ಗುರುತುಗಳು ಅದರ ಮುಖ್ಯ ಭಾಗಗಳಾಗಿದ್ದವು.

2010ರಲ್ಲಿ ಮೈಕ್ರೋಸಾಫ್ಟ್‌ನ ಕೈನೆಕ್ಟ್ ಮತ್ತು 2013ರಲ್ಲಿ ಲೀಪ್ ಮೋಷನ್ ನಿಯಂತ್ರಕ ಬಂದ ಮೇಲೆ ಗವಸು ಹಾಗೂ ಗುರುತುಗಳ ಅಗತ್ಯ ಕಡಿಮೆಯಾಯಿತು. 2016ರ ಹೋಲೋಲೆನ್ಸ್ ಸಾಧನವು 'ಏರ್ ಟ್ಯಾಪ್'ನಂತಹ ಕೆಲವೇ ಸನ್ನೆಗಳನ್ನು ಗುರುತಿಸುತ್ತಿತ್ತು. 2019ರ ಹೋಲೋಲೆನ್ಸ್ 2 ಎರಡೂ ಕೈಗಳ ಪ್ರತಿಯೊಂದು ಬೆರಳನ್ನೂ ಹಿಂಬಾಲಿಸುವ ಸಾಮರ್ಥ್ಯ ಪಡೆಯಿತು. ಅದೇ ವರ್ಷದ ಕೊನೆಯಲ್ಲಿ ಆಕ್ಯುಲಸ್ ಕ್ವೆಸ್ಟ್‌ಗೂ ಈ ಸೌಲಭ್ಯ ದೊರೆಯಿತು. 2024ರಲ್ಲಿ ಮಾರಾಟಕ್ಕೆ ಬಂದ ಆ್ಯಪಲ್ ವಿಷನ್ ಪ್ರೊ, ನೋಟದಿಂದ ಆಯ್ಕೆ ಹಾಗೂ ಬೆರಳುಗಳ ಚಿವುಟುವಿಕೆಯಿಂದ ದೃಢೀಕರಣ ಎಂಬ ಕ್ರಮವನ್ನು ಅಳವಡಿಸಿಕೊಂಡಿತು.

ಕಾರ್ಯವಿಧಾನ

ಕ್ಯಾಮೆರಾ ಆಧಾರಿತ ವ್ಯವಸ್ಥೆಗಳು ಸಾಮಾನ್ಯವಾಗಿ ಮೂರು ಹಂತಗಳಲ್ಲಿ ಕೆಲಸ ಮಾಡುತ್ತವೆ.

ಮೊದಲ ಹಂತ ಕೈಯನ್ನು ಪತ್ತೆಹಚ್ಚುವುದು. ಗೂಗಲ್ 2019ರಲ್ಲಿ ಪ್ರಕಟಿಸಿದ 'ಮೀಡಿಯಾಪೈಪ್ ಹ್ಯಾಂಡ್ಸ್' ತಂತ್ರಾಂಶವು ಇಡೀ ಕೈಯನ್ನು ಹುಡುಕುವ ಬದಲು ಅಂಗೈಯನ್ನು ಹುಡುಕುತ್ತದೆ. ಬೆರಳುಗಳು ಮಡಚಿ, ಚಾಚಿ ನಾನಾ ಆಕಾರ ತಾಳುತ್ತವೆ. ಅಂಗೈಯ ಆಕಾರ ಹೆಚ್ಚು ಬದಲಾಗದ ಕಾರಣ ಅದನ್ನು ಗುರುತಿಸುವುದು ಸುಲಭ.

ಎರಡನೆಯ ಹಂತದಲ್ಲಿ ಕೀಲುಗಳ ಸ್ಥಾನವನ್ನು ಅಂದಾಜಿಸಲಾಗುತ್ತದೆ. ಮೀಡಿಯಾಪೈಪ್ ಮಣಿಕಟ್ಟಿಗೆ ಒಂದು ಮತ್ತು ಪ್ರತಿ ಬೆರಳಿಗೆ ನಾಲ್ಕರಂತೆ ಒಟ್ಟು 21 ಬಿಂದುಗಳನ್ನು ಗುರುತಿಸುತ್ತದೆ. ಪ್ರತಿ ಬಿಂದುವಿಗೂ ಮೂರು ನಿರ್ದೇಶಾಂಕಗಳಿರುವುದರಿಂದ ಒಂದು ಕೈಯ ಭಂಗಿಯು 63 ಸಂಖ್ಯೆಗಳಾಗಿ ಪರಿವರ್ತನೆಗೊಳ್ಳುತ್ತದೆ. ಎಕ್ಸ್‌ಆರ್ ಸಾಧನಗಳಿಗಾಗಿ ರೂಪಿತವಾದ ಓಪನ್‌ಎಕ್ಸ್‌ಆರ್ ಮಾನಕದ ವಿಸ್ತರಣೆಯೊಂದು ಪ್ರತಿ ಕೈಗೆ 26 ಬಿಂದುಗಳನ್ನು ನಿಗದಿಪಡಿಸಿದೆ. ಬಿಂದುವಿನ ಆಳವನ್ನು ತಿಳಿಯಲು ಎರಡು ಕ್ಯಾಮೆರಾಗಳ ನೋಟದ ವ್ಯತ್ಯಾಸವನ್ನು, ಬೆಳಕು ಹೋಗಿ ಮರಳುವ ಸಮಯವನ್ನು ಅಥವಾ ಯಂತ್ರಕಲಿಕೆಯ ಅಂದಾಜನ್ನು ಬಳಸಲಾಗುತ್ತದೆ.

ಮೂರನೆಯ ಹಂತ ಸನ್ನೆಯ ಅರ್ಥನಿರ್ಣಯ. ಹೆಬ್ಬೆರಳು ಮತ್ತು ತೋರುಬೆರಳಿನ ತುದಿಗಳ ಅಂತರ ಒಂದು ಮಿತಿಗಿಂತ ಕಡಿಮೆಯಾದಾಗ 'ಚಿವುಟುವಿಕೆ' ಎಂದು ಪರಿಗಣಿಸುವುದು ಇದರ ಸರಳ ಉದಾಹರಣೆ. ಒಂದೇ ಮಿತಿಯನ್ನು ಇಟ್ಟರೆ, ಕೈಯ ಸಣ್ಣ ನಡುಕಕ್ಕೂ ವಸ್ತುವು ಪದೇಪದೇ ಹಿಡಿತಕ್ಕೆ ಸಿಕ್ಕಿ ಜಾರುತ್ತದೆ. ಇದನ್ನು ತಪ್ಪಿಸಲು ಹಿಡಿಯುವುದಕ್ಕೆ ಕಿರಿದಾದ ಅಂತರವನ್ನೂ ಬಿಡುವುದಕ್ಕೆ ತುಸು ಹಿರಿದಾದ ಅಂತರವನ್ನೂ ನಿಗದಿಪಡಿಸುವ ಪದ್ಧತಿಯಿದೆ.

ಕ್ಯಾಮೆರಾ ಇಲ್ಲದ ವಿಧಾನಗಳೂ ಇವೆ. ಮುಂಗೈ ಅಥವಾ ಮಣಿಕಟ್ಟಿಗೆ ಕಟ್ಟುವ ಪಟ್ಟಿಗಳು ಸ್ನಾಯುಗಳ ವಿದ್ಯುತ್ ಸಂಕೇತಗಳನ್ನು ಓದುತ್ತವೆ. ಗೂಗಲ್‌ನ 'ಸೋಲಿ' ಯೋಜನೆಯು 60 ಗಿಗಾಹರ್ಟ್ಸ್ ರೇಡಾರ್ ಬಳಸಿತು. 2019ರ ಪಿಕ್ಸೆಲ್ 4 ಫೋನಿನಲ್ಲಿ ಈ ರೇಡಾರ್ ಇತ್ತು. ಆ ತರಂಗಾಂತರದ ಬಳಕೆಗೆ ಭಾರತದಲ್ಲಿ ಅನುಮತಿ ದೊರೆಯದ ಕಾರಣ ಆ ಫೋನು ಇಲ್ಲಿ ಬಿಡುಗಡೆಯಾಗಲಿಲ್ಲ.

ಬಳಕೆ

ಶಸ್ತ್ರಚಿಕಿತ್ಸೆಯ ವೇಳೆ ವೈದ್ಯರು ಮೌಸ್ ಅಥವಾ ಕೀಲಿಮಣೆಯನ್ನು ಮುಟ್ಟಿದರೆ ಕೈಗವಸಿನ ಕ್ರಿಮಿರಹಿತ ಸ್ಥಿತಿ ಕೆಡುತ್ತದೆ. ಆದ್ದರಿಂದ ಸ್ಕ್ಯಾನ್ ಚಿತ್ರಗಳನ್ನು ಸನ್ನೆಯಿಂದಲೇ ಸರಿಸಿ ನೋಡುವ ಪ್ರಯೋಗಗಳು ನಡೆದಿವೆ. ಯಂತ್ರಗಳ ಜೋಡಣೆ ಮತ್ತು ದುರಸ್ತಿಯ ತರಬೇತಿ, ಕಟ್ಟಡ ವಿನ್ಯಾಸ, ಆಟಗಳು ಹಾಗೂ ಪ್ರಯೋಗಾಲಯ ಶಿಕ್ಷಣ ಇತರ ಕ್ಷೇತ್ರಗಳಾಗಿವೆ. ಕೈಯನ್ನು ಹಿಂಬಾಲಿಸುವ ಇದೇ ತಂತ್ರವನ್ನು ಸಂಜ್ಞಾಭಾಷೆಯ ಗುರುತಿಸುವಿಕೆಗೂ ಬಳಸಲಾಗುತ್ತದೆ. ಆದರೆ ಸಂಜ್ಞಾಭಾಷೆಯಲ್ಲಿ ಮುಖಭಾವ ಮತ್ತು ದೇಹಭಂಗಿಯೂ ವ್ಯಾಕರಣದ ಭಾಗವಾಗಿರುವುದರಿಂದ ಕೈಯ ಬಿಂದುಗಳಷ್ಟೇ ಅದಕ್ಕೆ ಸಾಲವು.

ಮಿತಿಗಳು

* ಮರೆಯಾಗುವಿಕೆ: ಒಂದು ಬೆರಳು ಇನ್ನೊಂದರ ಹಿಂದೆ ಸರಿದಾಗ ಅಥವಾ ಕೈ ಕ್ಯಾಮೆರಾದ ನೋಟದಿಂದ ಹೊರಗೆ ಹೋದಾಗ ಸ್ಥಾನವನ್ನು ಊಹಿಸಬೇಕಾಗುತ್ತದೆ.
* ಆಯಾಸ: ತೋಳನ್ನು ಬಹಳ ಹೊತ್ತು ಎತ್ತಿ ಹಿಡಿದಾಗ ಭುಜ ನೋಯುತ್ತದೆ. ಇದು 'ಗೊರಿಲ್ಲಾ ಆರ್ಮ್' ಎಂದು ಪ್ರಸಿದ್ಧ. ಕೈಯನ್ನು ತೊಡೆಯ ಮೇಲಿಟ್ಟೇ ಸನ್ನೆ ಮಾಡಲು ಅನುವಾಗುವಂತೆ ವಿಷನ್ ಪ್ರೊ ಸಾಧನದಲ್ಲಿ ಕೆಳಮುಖವಾದ ಕ್ಯಾಮೆರಾಗಳಿವೆ.
* ಅನಪೇಕ್ಷಿತ ಆದೇಶ: ಮಾತಿನ ನಡುವೆ ಸಹಜವಾಗಿ ಕೈಯಾಡಿಸಿದ್ದನ್ನೂ ಯಂತ್ರವು ಆದೇಶವೆಂದು ಗ್ರಹಿಸಬಹುದು. ಮುಟ್ಟಿದ್ದೆಲ್ಲ ಚಿನ್ನವಾಗುವ ವರ ಪಡೆದ ಗ್ರೀಕ್ ಪುರಾಣದ ದೊರೆಯ ಹೆಸರಿನಿಂದ ಇದನ್ನು 'ಮಿಡಾಸ್ ಸ್ಪರ್ಶ'ದ ಸಮಸ್ಯೆ ಎನ್ನುತ್ತಾರೆ.
* ಸ್ಪರ್ಶಾನುಭವದ ಕೊರತೆ: ಗಾಳಿಯಲ್ಲಿ ತೇಲುವ ಗುಂಡಿಯನ್ನು ಒತ್ತಿದಾಗ ಬೆರಳಿಗೆ ತಡೆ ಸಿಗುವುದಿಲ್ಲ. ಈ ಕೊರತೆಯನ್ನು ಧ್ವನಿ, ಬಣ್ಣದ ಬದಲಾವಣೆ ಅಥವಾ ಚರ್ಮದ ಮೇಲೆ ಕೇಂದ್ರೀಕರಿಸಿದ ಶ್ರವಣಾತೀತ ತರಂಗಗಳ ಮೂಲಕ ತುಂಬಲು ಯತ್ನಿಸಲಾಗಿದೆ.

ಪ್ರವೇಶಸಾಧ್ಯತೆ ಮತ್ತು ಖಾಸಗಿತನ

ಗುರುತಿಸುವ ಮಾದರಿಗಳು ತಾವು ಕಲಿತ ಚಿತ್ರಗಳನ್ನು ಅವಲಂಬಿಸಿವೆ. ಆ ಚಿತ್ರಗಳಲ್ಲಿ ವಿವಿಧ ಚರ್ಮವರ್ಣ, ವಯಸ್ಸು ಮತ್ತು ಕೈಯ ಗಾತ್ರಗಳು ಇಲ್ಲದಿದ್ದರೆ ಕೆಲವರ ಪಾಲಿಗೆ ಸಾಧನವೇ ನಿರುಪಯುಕ್ತವಾಗಬಹುದು. ಬೆರಳು ಕಳೆದುಕೊಂಡವರು, ಸಂಧಿವಾತ ಅಥವಾ ಕೈನಡುಕ ಇರುವವರು ನಿಗದಿತ ಸನ್ನೆಗಳನ್ನು ಮಾಡಲಾರರು. ಅಂಥವರಿಗೆ ಧ್ವನಿ, ನೋಟ ಅಥವಾ ನಿಯಂತ್ರಕದ ಪರ್ಯಾಯವನ್ನು ಉಳಿಸುವುದು ಅವಶ್ಯಕ.

ಕೈಯ ಅಳತೆ ಮತ್ತು ಚಲನೆಯ ಲಯವು ವ್ಯಕ್ತಿಯಿಂದ ವ್ಯಕ್ತಿಗೆ ಭಿನ್ನವಾಗಿದ್ದು, ವ್ಯಕ್ತಿಯನ್ನು ಗುರುತಿಸಲು ನೆರವಾಗಬಲ್ಲದು. ನಡುಕದಂತಹ ಲಕ್ಷಣಗಳು ಆರೋಗ್ಯದ ಸುಳಿವನ್ನೂ ನೀಡಬಲ್ಲವು. ಕ್ಯಾಮೆರಾಗಳು ಬಳಕೆದಾರನ ಮನೆಯನ್ನೂ ಸುತ್ತಲಿನ ಜನರನ್ನೂ ನೋಡುತ್ತಿರುತ್ತವೆ. ಆದ್ದರಿಂದ ಚಿತ್ರಗಳನ್ನು ಸಾಧನದೊಳಗೇ ಸಂಸ್ಕರಿಸಿ ಅಳಿಸುವುದು ಹಾಗೂ ಅನ್ವಯಗಳಿಗೆ ಬಿಂದುಗಳ ಮಾಹಿತಿಯನ್ನು ಮಾತ್ರ, ಅದೂ ಬಳಕೆದಾರನ ಅನುಮತಿಯೊಂದಿಗೆ, ನೀಡುವುದು ಸುರಕ್ಷಿತ ಕ್ರಮವೆನಿಸಿದೆ.