ಡಿಬಿ ಬಾಗಿಲ ಹಿಂದೆ ಕನ್ನಡದಲ್ಲಿ ಬರೆದಿಡಿ

ಹೊಸ ಮನೆಗೆ ವೈರಿಂಗ್ ಮಾಡಿಸುವವರು ಸ್ವಿಚ್ಚಿನ ಬಣ್ಣ, ಫ್ಯಾನಿನ ಕಂಪನಿ ಎಲ್ಲವನ್ನೂ ವಿಚಾರಿಸುತ್ತಾರೆ. ಮನೆಯ ಲೈನುಗಳೆಲ್ಲ ಹೊರಡುವ ಡಿಬಿ ಬಾಕ್ಸಿನ ಬಾಗಿಲು ತೆರೆದು, ಇದರಲ್ಲಿ ಯಾವುದು ಯಾವುದಕ್ಕೆ ಎಂದು ಕೇಳುವವರು ಅಪರೂಪ. ಶಿವಮೊಗ್ಗ, ತೀರ್ಥಹಳ್ಳಿ ಕಡೆ ವೈರಿಂಗ್ ಕೆಲಸದಲ್ಲೇ ತಲೆ ನರೆತವನು ನಾನು. ನೋಡಿದ ಬಾಕ್ಸುಗಳಲ್ಲಿ ಬಹುಪಾಲು ಹೀಗೇ: ಲೋಡು ಮೀರಿದರೆ ತಾನೇ ಬೀಳುವ ಎಂಸಿಬಿ ಸ್ವಿಚ್ಚುಗಳು ಎಂಟೋ ಹತ್ತೋ ಸಾಲಾಗಿ ಕೂತಿರುತ್ತವೆ, ಕೆಳಗೆ ಒಂದಕ್ಷರವಿಲ್ಲ. ಇದ್ದರೂ ಎಲ್1, ಪಿ2 ಎಂದು ಕೆಲಸ ಮಾಡಿದವನಿಗಷ್ಟೇ ತಿಳಿಯುವ ಗುರುತು. ರಾತ್ರಿ ಪ್ಲಗ್ಗಿನಿಂದ ಹೊಗೆ ಬಂದಾಗ ಆ ಬಾಕ್ಸಿನ ಮುಂದೆ ಓಡಿಬಂದು ನಿಲ್ಲುವವರು ಮನೆಯ ಅಜ್ಜಿಯೋ, ಹತ್ತನೇ ಕ್ಲಾಸಿನ ಹುಡುಗನೋ. ಅವರು ಓದುವಂತೆ ಇರಲಿ: ಅಡುಗೆಮನೆ ಪವರ್, ಬಚ್ಚಲುಮನೆ ಗೀಸರ್, ಹಾಲ್ ಲೈಟು-ಫ್ಯಾನು.

ಬರೆಯುವ ಮುನ್ನ ಪತ್ತೆ ಮಾಡಬೇಕು. ಹಗಲು ಹೊತ್ತು, ಎಲ್ಲ ಲೈಟು-ಫ್ಯಾನು ಹಾಕಿ, ಒಬ್ಬರು ಬಾಕ್ಸಿನ ಹತ್ತಿರ ನಿಂತು ಒಂದೊಂದೇ ಎಂಸಿಬಿ ಇಳಿಸುವುದು, ಇನ್ನೊಬ್ಬರು ಕೋಣೆಯಿಂದ ಕೋಣೆಗೆ ಹೋಗಿ ಏನೇನು ನಿಂತಿತು ಎಂದು ಕೂಗಿ ಹೇಳುವುದು. ಪ್ಲಗ್‌ಗಳಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿದರಾಯಿತು. ಹಿತ್ತಲಿನ ಬಲ್ಬು ಮಲಗುವ ಕೋಣೆಯ ಲೈನಿನಲ್ಲಿರುವುದು, ಮಹಡಿ ಮೆಟ್ಟಿಲಿನ ಲೈಟು ದೇವರಮನೆಯ ಜತೆ ಸೇರಿಕೊಂಡಿರುವುದು ಆಗಲೇ ತಿಳಿಯುತ್ತದೆ. ಬಾಲ್ ಪೆನ್ನಿನ ಬರಹ ನಾಲ್ಕು ಮಳೆಗಾಲ ಬಾಳುವುದಿಲ್ಲ. ಪ್ರಿಂಟ್ ಮಾಡಿದ ಸ್ಟಿಕ್ಕರ್ ಅಂಟಿಸಿ.

ಎಂಸಿಬಿಯ ಮೈಮೇಲೂ ಓದುವಂಥದ್ದು ಇದೆ. ಸಿ16 ಎಂದಿದ್ದರೆ ಅದು 16 ಆಂಪಿಯರಿನದು. ಸಿ ಎಂಬುದು ಶಾರ್ಟ್ ಆದಾಗ ಎಷ್ಟು ಪಟ್ಟು ಕರೆಂಟಿಗೆ ತಕ್ಷಣ ಬೀಳುತ್ತದೆ ಎಂಬುದರ ಗುರುತು, ಐದರಿಂದ ಹತ್ತು ಪಟ್ಟು. ಐಎಸ್ಐ ಗುರುತಿನ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ನಂಬರು ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ. ಗೀಸರ್ ಹಾಕಿದಾಗಲೆಲ್ಲ ಬೀಳುತ್ತದೆ ಎಂದು 16ರ ಜಾಗದಲ್ಲಿ 32 ಕೂರಿಸಿ ಹೋಗುವವರಿದ್ದಾರೆ. ಇದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಎಂಸಿಬಿ ಇರುವುದು ಗೋಡೆಯೊಳಗಿನ ವೈರನ್ನು ಕಾಯಲು. ಒಳಗೆ 2.5 ಚದರ ಮಿಲಿಮೀಟರಿನ ವೈರೇ ಉಳಿದಿದ್ದರೆ, 32 ಬೀಳುವ ಹೊತ್ತಿಗೆ ಅದರ ಇನ್ಸುಲೇಷನ್ ಬೆಂದಿರುತ್ತದೆ. ಹಳೇ ಮನೆಗಳ ಪಿಂಗಾಣಿ ಫ್ಯೂಸಿಗೆ ದಪ್ಪ ತಾಮ್ರದ ತಂತಿ ಸುತ್ತುವುದೂ ಇದೇ ತಪ್ಪು.

ಆರ್‌ಸಿಸಿಬಿಯದು ಬೇರೆಯೇ ಕೆಲಸ, ಶಾಕಿನಿಂದ ಜನರನ್ನು ಕಾಯುವುದು. ಶಾಕ್ ಹೊಡೆದಾಗ ದೇಹದ ಮೂಲಕ ನೆಲಕ್ಕೆ ಹರಿಯುವ ಕರೆಂಟು ಒಂದು ಆಂಪಿಯರಿನ ಹತ್ತನೇ ಒಂದು ಭಾಗವಿದ್ದೀತು. ಪ್ರಾಣ ಹೋಗಲು ಅಷ್ಟು ಸಾಕು. 16ರ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಆರ್‌ಸಿಸಿಬಿ ಫೇಸಿನಲ್ಲಿ ಹೋದದ್ದನ್ನೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂದದ್ದನ್ನೂ ತಾಳೆ ನೋಡುತ್ತದೆ. ವ್ಯತ್ಯಾಸ 30 ಮಿಲಿಆಂಪ್ ಮುಟ್ಟಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಸಪ್ಲೈ ಕಡಿಯುತ್ತದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳು, ತೀರ ಸಣ್ಣ ಲೋಡಿನ ಮನೆಗಳನ್ನು ಬಿಟ್ಟು ಉಳಿದವುಗಳಿಗೆ ಇಂಥ ರಕ್ಷಣೆ ಬೇಕೆನ್ನುತ್ತವೆ.

ಆದರೂ ನಮ್ಮ ಮಲೆನಾಡಿನಲ್ಲಿ ಜೂನ್ ಬಂತೆಂದರೆ ಫೋನು ಶುರು. "ಅಣ್ಣಾ, ಮಳೆ ಹಿಡಿದ್ರೆ ಸಾಕು, ಇದು ಬಿದ್ದುಬಿಡುತ್ತೆ. ತೆಗೆದು ಡೈರೆಕ್ಟ್ ಕೊಟ್ಟುಬಿಡಿ." "ಇಲ್ಲಮ್ಮ, ಅದು ಬೀಳ್ತಿರೋದು ಎಲ್ಲೋ ಸೋರ್ತಿರೋದಕ್ಕೆ. ಆ ಜಾಗ ಹುಡುಕೋಣ" ಎನ್ನುತ್ತೇನೆ. ಎಲ್ಲ ಎಂಸಿಬಿ ಇಳಿಸಿ, ಆರ್‌ಸಿಸಿಬಿ ಎತ್ತಿ, ಆಮೇಲೆ ಒಂದೊಂದನ್ನೇ ಎತ್ತುತ್ತ ಹೋದರೆ ಸಾಮಾನ್ಯವಾಗಿ ಯಾವುದೋ ಒಂದರ ಸರದಿಗೆ ಅದು ಬೀಳುತ್ತದೆ. ಅದರ ಕೆಳಗೆ 'ಬಾವಿ ಮೋಟರ್' ಎಂದೋ 'ಗೇಟಿನ ಲೈಟು' ಎಂದೋ ಬರೆದಿದ್ದರೆ ಅರ್ಧ ಕೆಲಸ ಮುಗಿದಂತೆ. ನೀರು ಹೊಕ್ಕ ಹೋಲ್ಡರ್ ಬದಲಿಸಿದರೆ ಸರಿಹೋಗುತ್ತದೆ. ಬರೆಯದ ಮನೆಯಲ್ಲಿ ಹುಡುಕಿ ಸಾಕಾದವರು ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡುತ್ತಾರೆ. ಹೊರಗಿನಿಂದ ನೋಡಿದರೆ ಅದು ಇದ್ದಂತೆಯೇ ಕಾಣುತ್ತದೆ. ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ. ಅದು ಬೀಳದಿದ್ದರೆ, ಅಥವಾ ಬಿದ್ದರೂ ಯುಪಿಎಸ್ ಲೈನು ಬಿಟ್ಟು ಬೇರೆಡೆ ಕರೆಂಟು ಉಳಿದರೆ, ಅವತ್ತೇ ಎಲೆಕ್ಟ್ರಿಷಿಯನ್ನನ್ನು ಕರೆಸಿ.

ಇನ್ನು ಯುಪಿಎಸ್. ಮೇನ್ ಆಫ್ ಮಾಡಿ ಫ್ಯಾನ್ ರೆಗ್ಯುಲೇಟರ್ ಬಿಚ್ಚಲು ಹೋಗುವವರಿಗೆ ಯುಪಿಎಸ್ ಲೈನಿನಲ್ಲಿ 230 ವೋಲ್ಟ್ ಹಾಗೇ ಇರುವುದು ಹೊಳೆಯುವುದಿಲ್ಲ. ಅದಕ್ಕೆ ಕೆಂಪು ಅಕ್ಷರದಲ್ಲಿ ಬೇರೆಯೇ ಲೇಬಲ್ ಇರಲಿ: 'ಯುಪಿಎಸ್ ಲೈನು. ಮೇನ್ ಆಫ್ ಮಾಡಿದರೂ ಕರೆಂಟ್ ಇರುತ್ತದೆ.' ಮಾಳಿಗೆ ಮೇಲೆ ಸೋಲಾರ್ ಹಾಕಿಸಿದ್ದರೆ ಅದರದ್ದೂ ಬರೆಯಿರಿ. ಬಿಸಿಲಿರುವಷ್ಟು ಹೊತ್ತು ಪ್ಯಾನೆಲಿನಿಂದ ಇನ್ವರ್ಟರಿಗೆ ಬರುವ ವೈರಿನಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ.

ಬಾಗಿಲ ಒಳಮೈಗೆ ಒಂದು ಚೀಟಿಯನ್ನೂ ಅಂಟಿಸಿ: ಯಾವ ಲೈನಿಗೆ ಎಷ್ಟು ದಪ್ಪದ ವೈರು, ಕೆಲಸ ಮಾಡಿದ ಲೈಸೆನ್ಸ್‌ದಾರನ ಫೋನ್ ನಂಬರು, ಟೆಸ್ಟ್ ಬಟನ್ ಒತ್ತಿದ ತಾರೀಕುಗಳು. ಕೊನೆಯ ಬಿಲ್ ಕೊಡುವ ಮೊದಲೇ ಕಂಟ್ರಾಕ್ಟರ್ ಕೈಯಲ್ಲಿ ಇದನ್ನು ಬರೆಸಿಕೊಳ್ಳಿ. ಬಾಡಿಗೆಗೆ ಹೋಗುವವರು ಅಡ್ವಾನ್ಸ್ ಕೊಡುವ ದಿನ ನಲ್ಲಿ ತಿರುಗಿಸಿ ನೋಡುವ ಹಾಗೆ ಡಿಬಿ ಬಾಗಿಲನ್ನೂ ತೆರೆದು ನೋಡಬೇಕು. ಎಸಿಗೋ ಇಂಡಕ್ಷನ್ ಒಲೆಗೋ ಹೊಸ ಲೈನು ಎಳೆಸಿದರೆ ಅವತ್ತೇ ಚೀಟಿ ತಿದ್ದಿಸಿ.