ಅಣ್ಣೆ ಸೊಪ್ಪು: ಗುರುತಿಸುವ ಕ್ರಮವೂ ಕೀಳತಕ್ಕ ಕಾಲವೂ

ಮೈಸೂರು ಸೀಮೆಯ ರಾಗಿ ಮತ್ತು ಜೋಳದ ಹೊಲಗಳಲ್ಲಿ ತಾನಾಗಿಯೇ ಹುಟ್ಟುವ ಕಳೆಗಳಲ್ಲಿ ಅಣ್ಣೆಯೂ ಒಂದು. ಇದು ಎಳೆಯದಾಗಿರುವಾಗ ಒಳ್ಳೆಯ ಸೊಪ್ಪು. ಬಲಿತ ಮೇಲೆ ಪೈರಿಗೆ ಶತ್ರು. ಆದಕಾರಣ ಹೂ ಬಿಡುವುದಕ್ಕೆ ಮುಂಚೆಯೇ ಇದನ್ನು ಗುರುತಿಸಲು ಹಿಡುವಳಿದಾರರು ತಿಳಿದಿರತಕ್ಕದ್ದು.

ಗುರುತುಗಳು.— ಇದು ಒಂದೇ ವರ್ಷ ಬದುಕುವ ಗಿಡ. ಸಾಮಾನ್ಯವಾಗಿ 1ರಿಂದ 3 ಅಡಿಗಳವರೆಗೆ ನೆಟ್ಟಗೆ ಬೆಳೆಯುವುದು. ಕಾಂಡವು ನುಣುಪು; ಅದರ ಮೇಲೆ ಉದ್ದವಾದ ಗೀರುಗಳಿರುವುವು. ಎಲೆಗಳು ಗೆಣ್ಣಿಗೊಂದರಂತೆ ಹುಟ್ಟಿ, ಈಟಿಯ ಅಲಗಿನಂತೆ ನೀಳವಾಗಿ, ತುದಿಯಲ್ಲಿ ಚೂಪಾಗಿರುವುವು. ಕೊಂಬೆಯ ತುದಿಯಲ್ಲಿ ಏಳುವ ತೆನೆಯು ಮೊದಲು ನಸುಗೆಂಪಾಗಿದ್ದು, ಬುಡದಿಂದ ಮೇಲಕ್ಕೆ ಬೆಳ್ಳಗಾಗುತ್ತ ಬರುವುದು. 1753ರಲ್ಲಿ ಲಿನೇಯಸ್ ಎಂಬ ಪಂಡಿತನು ಇದಕ್ಕೆ ಕೊಟ್ಟ ‘ಸೆಲೋಸಿಯ ಅರ್ಜೆಂಟಿಯ’ ಎಂಬ ಹೆಸರಿನಲ್ಲಿ ಎರಡನೆಯ ಪದಕ್ಕೆ ಬೆಳ್ಳಿಯಂತಹುದು ಎಂದರ್ಥ. ಹಿತ್ತಲಿನ ಕೋಳಿಜುಟ್ಟಿನ ಹೂವೂ ಇದೇ ಕುಲದ್ದು.

ಹೋಲುವ ಗಿಡಗಳು.— ಉತ್ತರಾಣಿಯಲ್ಲಿ ಎಲೆಗಳು ಎದುರುಬದುರಾಗಿ ಜೋಡಿಯಾಗಿರುವುವು. ಅದರ ಕಾಯಿ ಬಟ್ಟೆಗೆ ಅಂಟುವುದು. ಅಣ್ಣೆಯಲ್ಲಿ ಈ ಎರಡೂ ಇಲ್ಲ. ಕೀರೆಯ ಎಲೆ ಅಗಲ, ತೊಟ್ಟು ಉದ್ದ, ತೆನೆ ಹಸುರು.

ಬೀಜ.— ತೆನೆಯ ಪ್ರತಿಯೊಂದು ಕಾಯಿಯೂ ಪುಟ್ಟ ಭರಣಿಯಂತಿದ್ದು, ಬಲಿತಾಗ ಮುಚ್ಚಳ ಕಳಚಿ ಹೊಳೆಯುವ ಕಪ್ಪು ಬೀಜಗಳನ್ನು ಉದುರಿಸುವುದು. ಒಂದು ಗಿಡದಿಂದ ಸಾವಿರಾರು ಬೀಜಗಳು ಬೀಳುವುವು. ಹೀಗೆ ಈ ವರ್ಷ ಉಪೇಕ್ಷಿಸಿದ ಒಂದು ಗಿಡವು ಮುಂದಿನ ವರ್ಷ ಹತ್ತಾರು ಕೂಲಿಯಾಳುಗಳ ಖರ್ಚಾಗಿ ಹಿಂದಿರುಗುವುದು.

ಉಪಯೋಗ.— ಎಳೆಯ ಎಲೆ ಮತ್ತು ಕುಡಿಗಳನ್ನು ಬೆರಕೆಸೊಪ್ಪಿನೊಡನೆ ಬೇಯಿಸಿ ಮಸ್ಸೊಪ್ಪು ಮಾಡುವರು. ಪಶ್ಚಿಮ ಆಫ್ರಿಕದ ಜನರು ಇದನ್ನು ತರಕಾರಿಯಾಗಿ ಪಾತಿ ಮಾಡಿ ಬೆಳೆಸುವರು. ಬಲಿತ ಎಲೆ ಉಪಯೋಗಿಸತಕ್ಕದ್ದಲ್ಲ. ಕಳೆ ಕೊಲ್ಲುವ ಔಷಧಿ ಹೊಡೆದ ಹೊಲದ ಸೊಪ್ಪನ್ನು ಸರ್ವಥಾ ತಿನ್ನಬಾರದು.

ಮಾಡತಕ್ಕ ಕೆಲಸ.—

1. ಎಡೆಕುಂಟೆ ಹೊಡೆದ ನಂತರ ಸಾಲಿನಲ್ಲಿ ಉಳಿದ ಗಿಡಗಳನ್ನು ಬೇರುಸಹಿತ ಕಿತ್ತು, ಕುಡಿಗಳನ್ನು ಅಡಿಗೆಗೆ ತೆಗೆದುಕೊಳ್ಳುವುದು.

2. ತೆನೆ ಬೆಳ್ಳಗಾದ ಗಿಡವನ್ನು ತಿಪ್ಪೆಗೆ ಹಾಕಕೂಡದು. ಹಾಕಿದರೆ ಬೀಜವು ಗೊಬ್ಬರದೊಡನೆ ಪುನಃ ಹೊಲ ಸೇರುವುದು. ಒಣಗಿಸಿ ಸುಡುವುದು ಮೇಲು.

3. ಬದುಗಳ ಮೇಲೂ ದಾರಿಯ ಪಕ್ಕದಲ್ಲಿಯೂ ಬೆಳೆದುದನ್ನು ಬಿಡಬಾರದು. ಮೇಲಿನ ಹೊಲದ ಬೀಜವು ಮಳೆಯ ನೀರಿನಲ್ಲಿ ಕೆಳಗಿನವರ ಹೊಲಕ್ಕೆ ಇಳಿಯುವುದು. ಒಬ್ಬರು ಕಿತ್ತು ಮತ್ತೊಬ್ಬರು ಬಿಟ್ಟರೆ ಪ್ರಯೋಜನವಿಲ್ಲ. ಗ್ರಾಮದ ಮುಖಂಡರು ತೆನೆ ಏಳುವುದಕ್ಕೆ ಮುಂಚೆ ಒಂದು ದಿನವನ್ನು ಗೊತ್ತುಮಾಡಿ, ಎಲ್ಲರೂ ಒಟ್ಟಿಗೆ ಕೀಳುವಂತೆ ಏರ್ಪಡಿಸುವುದು ಉತ್ತಮ.